ಬ್ರಹ್ಮಗಿರಿ: ಎಲ್ಲಿಂದ ಎಲ್ಲಿಗೆ ಸರ್ಕಾರದ್ದು?

ದುರ್ಗದ ಕೋಟೆ ನೋಡಿದೆ. ಓಬವ್ವನ ಕಿಂಡಿ ಹತ್ತಿರ ಫೋಟೋಗೆ ನಿಂತವರ ನೂಕುನುಗ್ಗಲು ನನಗೆ ಹಿಡಿಸಲಿಲ್ಲ. ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ನೋಡಿಕೊಂಡು ಬಳ್ಳಾರಿ ಬಸ್ ಹತ್ತಿ ರಾಂಪುರದಲ್ಲಿ ಇಳಿದೆ. ನಾನು ಬಂದಿದ್ದೇ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ.

ಅಲ್ಲಿ ಅಶೋಕನ ಶಾಸನದ ಬಂಡೆಯಿದೆ. ಊರವರು ಅಕ್ಷರಗುಂಡು ಅಂತಾರೆ. ಶಾಸನ ತಜ್ಞ ಬಿ.ಎಲ್. ರೈಸ್ ಇದನ್ನು ಪತ್ತೆ ಹಚ್ಚಿದ್ದು 1892ರಲ್ಲಿ. ದಕ್ಷಿಣದ ಮೌರ್ಯ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಇಸಿಲ ಎಂಬ ಇಲ್ಲಿನ ಹಳೆಯ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು: ತಂದೆತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ. ಬಂಡೆಗೆ ಸೂರು ಕಟ್ಟಿದ್ದಾರೆ, ಒಳ್ಳೆಯ ಕೆಲಸ.

ಬೆಟ್ಟದ ಬುಡದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ದೊಡ್ಡ ಕಲ್ಲುಗಳಿಂದ ಕಟ್ಟಿದ ಗೋರಿಗಳಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು ಇಲ್ಲೇ. ಸುತ್ತಲೂ ಗುಂಡುಕಲ್ಲಿನ ವೃತ್ತ, ನಡುವೆ ನಾಲ್ಕು ಚಪ್ಪಡಿ. ಒಂದೊಂದು ಚಪ್ಪಡಿಯೂ ಪಕ್ಕದ್ದನ್ನು ದಾಟಿ ಚಾಚಿಕೊಂಡಿರುತ್ತೆ, ಒಳಗೆ ಬೀಳಬಾರದು ಅಂತ. ಒಂದರಲ್ಲಿ ದುಂಡಗಿನ ಕಿಂಡಿ. ಅದರ ಅಂಚು ಮುಟ್ಟಿದೆ, ನುಣ್ಣಗಿತ್ತು. ಕಬ್ಬಿಣ ಬಳಸಲು ಕಲಿತ ಜನ ತಮ್ಮ ಸತ್ತವರಿಗಾಗಿ ಗಟ್ಟಿ ಕಲ್ಲನ್ನು ಇಷ್ಟು ತಾಳ್ಮೆಯಿಂದ ಕೊರೆದಿದ್ದಾರೆ. ಬಹಳ ಹೊತ್ತು ಅಲ್ಲೇ ಕೂತೆ.

ಕುರಿ ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದರು. "ಯಾವೂರಪ್ಪ? ಆಫೀಸಿನವ್ರಾ?"

"ಅಲ್ಲಜ್ಜ, ಸುಮ್ನೆ ನೋಡೋಕೆ ಬಂದೆ. ಈ ಕಲ್ಲುಗಳನ್ನ ಯಾರಾದ್ರೂ ಕೀಳ್ತಾರಾ?"

"ಹೊಲದಾಗೆ ನೇಗಿಲಿಗೆ ಸಿಕ್ರೆ ಬದಕ್ಕೆ ಹಾಕ್ತಾರೆ. ನಮ್ಮಪ್ಪನೂ ಹಾಕಿದ್ದ. ತಪ್ಪಾ?"

ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು ಎಂದೆ. ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಆಮೇಲಿನ 200 ಮೀಟರ್‌ಗೆ ಅನುಮತಿ ಬೇಕು ಅಂತಲೂ ಹೇಳಿದೆ. ಅಜ್ಜ ಕೋಲು ಊರಿ ಸುತ್ತ ನೋಡಿದರು.

"ಸರಿ. ಗಡಿ ಎಲ್ಲೈತೆ, ತೋರ್ಸು."

ನನಗೆ ತೋರಿಸಲು ಆಗಲಿಲ್ಲ. ಅವರು ಬಿಡಲಿಲ್ಲ. "ನಮ್ಮ ಹುಡುಗ್ರಲ್ಲಿ ಇಬ್ರಿಗೆ ಕಾಯೋ ಕೆಲ್ಸ ಕೊಟ್ರೆ ಒಂದು ಕಲ್ಲೂ ಅಲುಗಲ್ಲ, ಅಲ್ವಾ?"

ಕೋಟೆಗೆ ಟಿಕೆಟ್ ಇದೆ, ಗೈಡ್‌ಗಳಿದ್ದಾರೆ, ಜನ ತಾವಾಗೇ ಬರುತ್ತಾರೆ. ಬಯಲಲ್ಲಿ ಚೆದುರಿದ ಗೋರಿಗಳಿಗೆ ಅದಾವುದೂ ಇಲ್ಲ. ಒಂದು ಚಪ್ಪಡಿ ಬದಕ್ಕೆ ಹೋದರೆ ಅದು ಯಾವ ಗೋರಿಯದ್ದು ಅಂತ ಆಮೇಲೆ ಯಾರೂ ಹೇಳಲಾರರು. ದುಡ್ಡು ಕಡಿಮೆ ಇದ್ದರೆ ಸರ್ಕಾರ ಮೊದಲು ಇಲ್ಲಿಗೆ ಖರ್ಚು ಮಾಡಲಿ. ಸರ್ವೆ ಮಾಡಿ ಗಡಿಕಲ್ಲು ನೆಡಲಿ, ಹೊಲದವರನ್ನೇ ಕರೆದು ತೋರಿಸಲಿ, ಕಾವಲಿಗೆ ಊರಿನವರನ್ನೇ ಇಡಲಿ.

ಹೋಗುವವರು ಆಟೋದವರಿಗೆ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಮೂರಕ್ಕೆ ಬರ್ತೀನಿ ಎಂದವನು ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಬಿಸಿಲಲ್ಲಿ ನೀರೂ ಮುಗಿದಿತ್ತು. ಕೊನೆಗೆ ಅಜ್ಜನ ಮೊಮ್ಮಗ ಬೈಕಲ್ಲಿ ರಾಂಪುರಕ್ಕೆ ಬಿಟ್ಟ. ಪೆಟ್ರೋಲಿಗೆ ಅಂತ ಕೊಟ್ಟರೂ ತಗೊಳ್ಳಲಿಲ್ಲ.