ಸ್ಕಾಟಿಷ್ ಸ್ಟೆಡಿಂಗ್ ಮಾದರಿ, ಕಂತು 4: ಕುದುರೆಗಾಣದ ಎಂಟು ಮುಖದ ಚಾವಣಿ

ಅಳತೆ 1:50. ಮಾದರಿ ಈಸ್ಟ್ ಲೋಥಿಯನ್ ಸೀಮೆಯ ಸ್ಟೆಡಿಂಗ್, ಅಂದರೆ ಅಂಗಳದ ಸುತ್ತ ಕಟ್ಟಿದ ಹೊಲಮನೆಯ ಕಟ್ಟಡಗಳ ಗುಂಪು. ದನದ ಕೊಟ್ಟಿಗೆ, ಲಾಯ, ಕಮಾನಿನ ಗಾಡಿಖಾನೆ, ಅದರ ಮೇಲಿನ ಕಣಜ ಮುಗಿದಿವೆ. ಒಕ್ಕಣೆ ಮನೆಯ ಬೆನ್ನಿಗೆ, ಬಣವೆಗಳ ಕಡೆ ಮುಖಮಾಡಿ ನಿಲ್ಲುವ ಕುದುರೆಗಾಣ, ಅಂದರೆ ಕುದುರೆಗಳು ಸುತ್ತುತ್ತ ಯಂತ್ರ ತಿರುಗಿಸುವ ಮನೆ, ಈ ಸಲದ ಕೆಲಸ.

ಈ ಗಾಣದ ಮನೆ ಹುಟ್ಟಿದ್ದೇ ಒಂದು ಯಂತ್ರಕ್ಕಾಗಿ. ಈಸ್ಟ್ ಲಿಂಟನ್ ಬಳಿಯ ಹೂಸ್ಟನ್ ಮಿಲ್‌ನ ಆಂಡ್ರೂ ಮೀಕಲ್ 1786ರಲ್ಲಿ ಒಕ್ಕಣೆ ಯಂತ್ರ ಮಾಡಿ 1788ರಲ್ಲಿ ಪೇಟೆಂಟ್ ಪಡೆದ. ಹಳ್ಳದ ನೀರು ಸಿಗದ ಕಡೆ ಅದನ್ನು ಕುದುರೆಗಳು ತಿರುಗಿಸಿದವು. ಅವುಗಳ ತಲೆಯ ಮೇಲೆ ಮರದ ದೊಡ್ಡ ಹಲ್ಲುಚಕ್ರ. ಅಲ್ಲಿಂದ ಒಂದು ಅಚ್ಚು ಗೋಡೆ ತೂರಿ ಒಕ್ಕಣೆ ಮನೆಯೊಳಗೆ ತೆನೆ ಬಡಿಯುವ ಡ್ರಮ್‌ಗೆ ಹೋಗುತ್ತದೆ. ಆದ್ದರಿಂದ ಕಟ್ಟಡದ ಅಗಲ ನಿರ್ಧಾರವಾಗುವುದು ಕುದುರೆ ಸುತ್ತುವ ದಾರಿಯಿಂದ. ಬೆವರುವ ಕುದುರೆಗೆ ಗಾಳಿ ಬೇಕು, ಹಾಗಾಗಿ ಗೋಡೆಯ ಬದಲು ಕಲ್ಲಿನ ಕಂಬ.

ಇಲ್ಲಿ ಅಗಲ 9 ಮೀಟರ್ ಎಂದು ಹಿಡಿದಿದೆ. ಮಾದರಿಯಲ್ಲಿ ಎದುರುಬದುರು ಮುಖಗಳ ನಡುವೆ 180 ಮಿಮೀ, ಪ್ರತಿ ಮುಖ 74.6 ಮಿಮೀ. ಒಂದು ಮುಖ ಒಕ್ಕಣೆ ಮನೆಗೆ ಅಂಟುವುದರಿಂದ ಬಿಡಿ ಕಂಬ ಆರು ಮಾತ್ರ, 12 ಮಿಮೀ ಚೌಕ. 10 ಮಿಮೀ ಫೋಮ್‌ಗೆ ನಾಲ್ಕೂ ಕಡೆ 1 ಮಿಮೀ ವಾಲ್ ಪುಟ್ಟಿ ಬಳಿದು, ಅರೆ ಒಣಗಿದಾಗ ಕಲ್ಲಿನ ಸಂದು ಕೊರೆಯಬೇಕು. ಗೋಡೆಗೂ ಇದೇ ಕ್ರಮ. ಒಂದೇ ಬದಿಗೆ ಬಳಿದರೆ ಪುಟ್ಟಿ ಒಣಗುತ್ತ ಕುಗ್ಗಿ ಹಲಗೆಯನ್ನು ಬಿಲ್ಲಿನಂತೆ ಬಾಗಿಸುತ್ತದೆ.

ಇನ್ನು ಚಾವಣಿ. ಮನೆ ದುಂಡಗಿಲ್ಲದೆ ಎಂಟು ಮೂಲೆಯಾದದ್ದೇಕೆ ಎಂಬುದು ಹೆಂಚು ಹೊದಿಸಲು ಕೂತಾಗ ಕೈಗೇ ತಿಳಿಯುತ್ತದೆ. ಸ್ಲೇಟನ್ನು, ಅಂದರೆ ತೆಳು ಕಲ್ಲುಹಲಗೆಯನ್ನು, ಬೇಕಾದಂತೆ ಕೆತ್ತಿ ಕಿರಿದು ಮಾಡಬಹುದು. ಪ್ಯಾನ್‌ಟೈಲ್ ಎಂಬ ಅಲೆಹೆಂಚಿನ ಅಗಲ ಬದಲಾಗದು, ಅದು ಶಂಕುವಿನ ಮೇಲೆ ಕೂರುವುದೇ ಇಲ್ಲ. ಅದಕ್ಕೆ ಚಪ್ಪಟೆ ಮುಖ ಬೇಕು, ಮುಖ ಮುಖ ಸೇರುವಲ್ಲಿ ಓರೆಯಾಗಿ ಕತ್ತರಿಸಬೇಕು.

ಇಳಿಜಾರು 40 ಡಿಗ್ರಿ. ಎಲ್ಲರೂ ಎಡವುವುದು ತ್ರಿಕೋನ ಕತ್ತರಿಸುವಾಗ: ನಕ್ಷೆಯಲ್ಲಿ ಕಾಣುವ 90 ಮಿಮೀ ಎತ್ತರ ಹಿಡಿದರೆ ತುದಿಗಳು ಕೂಡುವುದಿಲ್ಲ. ಇಳಿಜಾರಿನ ನಿಜವಾದ ಉದ್ದ 117.5 ಮಿಮೀ, ಓರೆ ಅಂಚು 123.3 ಮಿಮೀ.

ಸೂರಿನಲ್ಲಿ ಮೊದಲು ಮೂರು ಸಾಲು ಸ್ಲೇಟು, ಒಟ್ಟು 12 ಮಿಮೀ. ಲೋಥಿಯನ್ ಮತ್ತು ಫೈಫ್ ಕಡೆಯ ಈ ಪದ್ಧತಿ ಬರೀ ಅಂದಕ್ಕಲ್ಲ: ಮಳೆನೀರು ಹೆಚ್ಚು ಹರಿಯುವುದು ಅಲ್ಲೇ, ಅಲೆಹೆಂಚಿನ ಹೊದಿಕೆ ಒಂದೇ ಪದರ, ಸ್ಲೇಟಿನದು ಎರಡು.

ಮೇಲೆ ಹೆಂಚಿನ 20 ಸಾಲು, ಸಾಲಿಗೆ 5.3 ಮಿಮೀ. 160 ಜಿಎಸ್ಎಂ ಕಾಗದವನ್ನು 7 ಮಿಮೀ ಪಟ್ಟಿಯಾಗಿ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ನೆನೆಸಿ, 4 ಮಿಮೀ ಅಂತರದಲ್ಲಿ ಅಂಟಿಸಿದ 2 ಮಿಮೀ ಸರಳುಗಳ ಮೇಲೆ ಒತ್ತಬೇಕು. ಇಡೀ ರಾತ್ರಿ ಬಿಡಿ. ಬೇಗ ಎತ್ತಿದರೆ ಅಲೆ ಮಟ್ಟಸವಾಗಿಬಿಡುತ್ತದೆ. ಎಂಟು ಮುಖಕ್ಕೆ 5.4 ಮೀಟರ್ ಪಟ್ಟಿ ಬೇಕು, ಪೋಲು ಸೇರಿಸಿ 6.5 ಮೀಟರ್ ಮಾಡಿಕೊಳ್ಳಿ.

ಮೊದಲ ಮುಖ ಕೆಟ್ಟಿತು, ಕಿತ್ತು ಮತ್ತೆ ಮಾಡಬೇಕಾಯಿತು. ಪ್ರತಿ ಸಾಲನ್ನೂ ಎಡ ಅಂಚಿನಿಂದ ಶುರುಮಾಡಿದ್ದೇ ಕಾರಣ. ಸಾಲು ಮೇಲೇರಿದಂತೆ ಅಂಚು 1.7 ಮಿಮೀ ಒಳಸರಿಯುತ್ತದೆ, ಅಲೆಗಳೂ ಅಷ್ಟೇ ಸರಿದು ಇಡೀ ಮುಖ ವಾಲಿದಂತೆ ಕಂಡಿತು. ನಿಜದ ಚಾವಣಿಯಲ್ಲಿ ಅಲೆಯ ತಗ್ಗೇ ನೀರಿನ ಕಾಲುವೆ; ಅದು ತುದಿಯಿಂದ ಸೂರಿನವರೆಗೆ ನೇರವಿರಲೇಬೇಕು. ಮುಖದ ನಡುಗೆರೆ ಎಳೆದು, ಒಂದು ಉಬ್ಬನ್ನು ಅದರ ಮೇಲೇ ಕೂರಿಸಿ, ಎರಡೂ ಕಡೆ ಹೊರಕ್ಕೆ ಅಂಟಿಸುತ್ತ ಹೋದರೆ ಸರಿಬರುತ್ತದೆ. ಓರೆ ಅಂಚು ಕೊನೆಗೆ, ಹೊಸ ಬ್ಲೇಡಿನಿಂದ. ಹೀಗೆ ಐದು ಮುಖ ಮುಗಿದಿವೆ. ಸಂಜೆ ದೀಪ ಓರೆಯಾಗಿ ಬಿದ್ದಾಗ ಸಾಲು ಸಾಲಿನ ನೆರಳು ಬಲು ಚೆಂದ.

ಒಕ್ಕಣೆ ಮನೆಗೆ ತಾಗುವ ಮುಖದ ನೀರು ನೇರ ಗೋಡೆಗೇ ಬಡಿಯುತ್ತದೆ. ಅಲ್ಲಿ ಸೀಸದ ತಗಡಿನ ದೋಣಿ ಬರಬೇಕು. ಮಾದರಿಗೆ ಬೂದುಬಣ್ಣ ಬಳಿದ ಫಾಯಿಲ್ ಸಾಕು. ಆ ಮುಖ ಅಂಟಿಸುವ ಮೊದಲೇ ಗೋಡೆಯಲ್ಲಿ ಅಚ್ಚಿನ ತೂತು ಕೊರೆದುಕೊಳ್ಳಬೇಕು, ಆಮೇಲೆ ಡ್ರಿಲ್ ಒಳಗೆ ಹಿಡಿಸುವುದಿಲ್ಲ.