ಖಾಲಿ ಚಿಪ್ ಅಳೆಯದೇ ಗಿರ್ಮಿಟ್ ಹಂಚಿದ್ವಿ

ಹುಬ್ಬಳ್ಳಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಮೈಕ್ರೋವೇವ್ ಅಳತೆ ನನ್ನ ಕೆಲಸ. ಆಗ ಕಾರ್ಬನ್ ನ್ಯಾನೋಟ್ಯೂಬ್, ಅಂದ್ರೆ ಕಾರ್ಬನ್ನಿನ ಅತಿ ಸಣ್ಣ ಕೊಳವೆಯಿಂದ ಸಿಗ್ನಲ್ ದಾಟಿಸುವ ಪ್ರಯತ್ನ ನಡೆದಿತ್ತು. ಆಮೇಲೆ ಅದನ್ನೇ ಸ್ವಿಚ್ ಮಾಡುವ ಆಸೆ.

ಚಿಪ್ ಮೇಲೆ ಎರಡು ಚಿನ್ನದ ಪಟ್ಟಿ, ನಡುವೆ ಸಣ್ಣ ಸಂದು. ಟ್ಯೂಬ್ ಬೆರೆಸಿದ ದ್ರಾವಣದ ಒಂದು ಹನಿ ಬಿಟ್ಟು, ಎಸಿ ವೋಲ್ಟೇಜ್ ಕೊಟ್ಟರೆ ಟ್ಯೂಬುಗಳು ತಾವೇ ಸಾಲಾಗಿ ಸಂದಿಗೆ ಅಡ್ಡ ಕೂರುತ್ತವೆ. ಒಂದೊಂದರ ದಪ್ಪ ಸುಮಾರು 1 ನ್ಯಾನೋಮೀಟರ್. ಮಲ್ಟಿಮೀಟರ್ 40 ಕಿಲೋ ಓಮ್ ತೋರಿಸಿತು. ಸಂದಿಗೆ ಟ್ಯೂಬಿನ ಸೇತುವೆ ಕಟ್ಟಿಕೊಂಡಿದೆ ಅಂತಾಯ್ತು.

ಆಮೇಲೆ ನೆಟ್‌ವರ್ಕ್ ಅನಲೈಜರ್‌ಗೆ ಹಚ್ಚಿದೆ, ಎಷ್ಟು ಸಿಗ್ನಲ್ ದಾಟಿತು ಅಂತ ಗೆರೆ ಎಳೆದು ತೋರಿಸುವ ಯಂತ್ರ ಅದು. ಫ್ರೀಕ್ವೆನ್ಸಿ ಏರಿದಂತೆ ಗೆರೆಯೂ ಏರಿತು, 10 ಗಿಗಾಹರ್ಟ್ಸ್‌ನಲ್ಲಿ ಮೈನಸ್ 24 ಡಿಬಿ (ಡೆಸಿಬೆಲ್; ಸೊನ್ನೆ ಅಂದ್ರೆ ಪೂರ್ತಿ ದಾಟಿದ ಹಾಗೆ, ಮೈನಸ್ ಹೆಚ್ಚಿದಷ್ಟೂ ದಾಟುವುದು ಕಡಿಮೆ). ಸಿಗ್ನಲ್ ದಾಟ್ತಿದೆ! ಸಂಜೆ ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ.

ಮರುದಿನ ನಮ್ಮ ಮೇಡಂ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: "ಟ್ಯೂಬ್ ಇಲ್ಲದ್ದು ಅಳದೀರೇನ್ರಿ?"

ಅಳೆದಿರಲಿಲ್ಲ. ಹನಿಯನ್ನೇ ಬಿಡದ ಚಿಪ್ ತೆಗೆದು ಪ್ರೋಬ್ (ಅಳೆಯುವ ಸೂಜಿ) ಇಳಿಸಿದೆ. ಎರಡು ಗೆರೆ ಒಂದರ ಮೇಲೊಂದು ಕೂತವು. ಅಂದ್ರೆ ನಾವು ಖುಷಿಪಟ್ಟಿದ್ದು ಸಂದಿನ ಕೆಪಾಸಿಟೆನ್ಸ್ ನೋಡಿ! ಎದುರುಬದುರು ಲೋಹದ ನಡುವೆ ಟ್ಯೂಬ್ ಇಲ್ಲದೆಯೂ ಸಿಗ್ನಲ್ ದಾಟಿಸುವ ಗುಣ ಅದು.

ಲೆಕ್ಕ ಮೊದಲೇ ಹಾಕಿದ್ದರೆ ತಿಳಿಯುತ್ತಿತ್ತು. ಒಂದು ಮೆಟಾಲಿಕ್ (ಲೋಹದಂತೆ ಕರೆಂಟ್ ಹರಿಸುವ) ಟ್ಯೂಬಿನ ಎರಡೂ ತುದಿ ಎಷ್ಟೇ ಚೆನ್ನಾಗಿ ಕೂತರೂ ರೆಸಿಸ್ಟೆನ್ಸ್ 6.5 ಕಿಲೋ ಓಮ್‌ನ ಆಸುಪಾಸಿಗಿಂತ ಕೆಳಗೆ ಇಳಿಯಲ್ಲ. ಅದು ಕ್ವಾಂಟಮ್ ಮಿತಿ. ನಮ್ಮ ಕೇಬಲ್, ಪ್ರೋಬ್ ಎಲ್ಲಾ 50 ಓಮ್‌ನವು. ಅಂಥ ಒಂದೇ ಟ್ಯೂಬ್ ನಡುವೆ ಕೂತರೆ ದಾಟುವುದು ಮೈನಸ್ 36 ಡಿಬಿ. ಅದೇ ಹೊತ್ತಿಗೆ ಸಂದಿನಲ್ಲಿ 10 ಫೆಮ್ಟೋ ಫ್ಯಾರಡ್‌ನಷ್ಟು ಸಣ್ಣ ಕೆಪಾಸಿಟೆನ್ಸ್ ಇದ್ದರೆ ಸಾಕು, 10 ಗಿಗಾಹರ್ಟ್ಸ್‌ನಲ್ಲಿ ಅದರ ತಡೆ ಬರೀ 1,600 ಓಮ್. ಸಿಗ್ನಲ್ ಸುಲಭದ ದಾರಿ ಬಿಟ್ಟು ಟ್ಯೂಬಿನ ಒಳಗೆ ಯಾಕೆ ಹೋದೀತು? ಸ್ವಿಚ್ ಮಾಡಿದ್ದರಂತೂ ಆಫ್ ಆದಮೇಲೂ ಸೋರುತ್ತಲೇ ಇರುತ್ತಿತ್ತು.

ಈಗ ಪಟ್ಟಿಗಳ ತುದಿಯನ್ನು ಚೂಪು ಮಾಡಿದ್ದೇವೆ, ಎದುರುಬದುರಾಗುವ ಲೋಹ ಕಡಿಮೆಯಾಗಲಿ ಅಂತ. ಟ್ಯೂಬುಗಳನ್ನೂ ಜಾಸ್ತಿ ಕೂರಿಸುತ್ತೇವೆ. ಎಲ್ಲವೂ ಮೆಟಾಲಿಕ್ ಆಗಿದ್ದು, ಎಲ್ಲವೂ ಸರಿಯಾಗಿ ಕೂತರೂ, 50 ಓಮ್‌ಗೆ ಬರಲು ಸುಮಾರು 130 ಬೇಕು. ಸಾಮಾನ್ಯ ಮಿಶ್ರಣದಲ್ಲಿ ಮೆಟಾಲಿಕ್ ಇರುವುದೇ ಮೂರರಲ್ಲಿ ಒಂದು ಪಾಲು, ಹಾಗಾಗಿ ದಾರಿ ಇನ್ನೂ ದೂರ ಇದೆ.

ಪ್ರತಿ ಬ್ಯಾಚಿನಲ್ಲೂ ಒಂದು ಖಾಲಿ ಚಿಪ್ ಇಟ್ಟು, ಅದರ ಅಳತೆ ಬರೆದ ಮೇಲೇ ಉಳಿದದ್ದು. ನಮ್ಮ ಅಟೆಂಡರ್ ಅಣ್ಣ ಮಾತ್ರ ಪ್ರತಿ ಸಲ ಇಣುಕಿ ಕೇಳುತ್ತಾರೆ, "ಇವತ್ತು ಗಿರ್ಮಿಟ್ ಐತೇನ್ರಿ ಸರ, ಖಾಲಿದ ನಡದೈತೋ?"