ಅಲಂಗ್: ಹಡಗು ಒಡೆಯೋ ದಡದಲ್ಲಿ ಒಂದಿನ

ಗುಜರಾತಿನ ಅಲಂಗ್ ನೋಡ್ಬೇಕು ಅನ್ನೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಯಾರ್ಡ್ ಒಳಗೆ ಟೂರಿಸ್ಟ್‌ಗಳನ್ನ ಹಾಗೇ ಬಿಡಲ್ಲ. ಗುಜರಾತ್ ಮ್ಯಾರಿಟೈಮ್ ಬೋರ್ಡ್ ಪರ್ಮಿಷನ್ ಬೇಕು, ಗೇಟ್ ಹತ್ರ ಕ್ಯಾಮೆರಾ ತೆಗೆದ್ರೂ ಸೆಕ್ಯೂರಿಟಿಯವ್ರು ಬಂದ್ಬಿಡ್ತಾರೆ. ನಂಗೆ ಅದು ಸರೀನೇ ಅನ್ಸುತ್ತೆ, ಟನ್‌ಗಟ್ಟಲೆ ಕಬ್ಬಿಣ ಮೇಲಿಂದ ಬೀಳೋ ಜಾಗ.

ಸೂರತ್ ಕಡೆಯ ಹಜೀರಾದಿಂದ ಘೋಘಾಗೆ ಫೆರ್ರಿ, ಅಲ್ಲಿಂದ ಭಾವನಗರ, ಆಮೇಲೆ ಸುಮಾರು 50 ಕಿ.ಮೀ. ರಸ್ತೆ. ತ್ರಾಪಜ್ ದಾಟಿದ್ಮೇಲೆ ಎರಡೂ ಕಡೆ ಹಡಗಿನ ಸಾಮಾನು ಮಾರೋ ಖಾಡಾಗಳು ಶುರು. ಒಂದ್ರಲ್ಲಿ ಬರೀ ಸೋಫಾ, ಇನ್ನೊಂದ್ರಲ್ಲಿ ಲೈಫ್ ಜಾಕೆಟ್ ಗುಡ್ಡೆ, ಪೂರ್ತಿ ಲೈಫ್‌ಬೋಟೇ ರಸ್ತೆ ಬದೀಲಿ ಬಿದ್ದಿದೆ. ಒಂದು ಪಿಂಗಾಣಿ ತಟ್ಟೆ ಎತ್ಕೊಂಡೆ, ಅಂಚಿನ ಬಂಗಾರದ ಗೆರೆ ತೊಳೆದೂ ತೊಳೆದೂ ಅರ್ಧ ಅಳಿಸಿಹೋಗಿತ್ತು, ಯಾರ್ಯಾರು ಎಷ್ಟು ಸಮುದ್ರ ದಾಟ್ತಾ ಊಟ ಮಾಡಿದ್ರೋ ಅದ್ರಲ್ಲಿ.

ಹಡಗುಗಳು ಇಲ್ಲಿಗೇ ಬರೋಕೆ ಕಾರಣ ಸಮುದ್ರಾನೇ. ಖಂಭಾತ್ ಕೊಲ್ಲಿಲಿ ಉಬ್ಬರ ಇಳಿತದ ವ್ಯತ್ಯಾಸ 10 ಮೀಟರ್ ಮುಟ್ಟುತ್ತೆ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ತುಂಬಿದಾಗ ಹಡಗನ್ನ ಫುಲ್ ಸ್ಪೀಡಲ್ಲಿ ದಡಕ್ಕೆ ನುಗ್ಗಿಸ್ತಾರೆ, ನೀರಿಳಿದ್ರೆ ಅದು ಕೆಸರಲ್ಲಿ ಕೂತ್ಬಿಡುತ್ತೆ, ನೀರು ಖಾಲಿ ಮಾಡಿ ಹಡಗು ನಿಲ್ಲಿಸೋ ಕಟ್ಟೆ, ಅಂದ್ರೆ ಡ್ರೈ ಡಾಕ್, ಅದರ ಖರ್ಚೇ ಇಲ್ಲ. 1983ರಿಂದ ಹೀಗೇ ನಡೀತಿದೆ. 458 ಮೀಟರ್ ಉದ್ದದ ಎಣ್ಣೆ ಹಡಗು ಸೀವೈಸ್ ಜಯಂಟ್ ಕೊನೆಯಾಗಿದ್ದು ಇಲ್ಲೇ, ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್ ಕೂಡ 2020ರಲ್ಲಿ ಬಂತು. ನಂಗೆ ದೂರದಿಂದ ಕಂಡಿದ್ದು ಮೂತಿ ಪೂರ್ತಿ ಕತ್ತರಿಸಿದ್ದ ಒಂದು ಸರಕು ಹಡಗು, ಒಳಗಿನ ಮಹಡಿಗಳೆಲ್ಲ ಬಯಲಾಗಿದ್ವು, ಮೇಲೆಲ್ಲೋ ಗ್ಯಾಸ್ ಕಟರ್ ಕಿಡಿ.

ಚಹಾ ಅಂಗಡಿಲಿ ಹಡಗು ಕತ್ತರಿಸೋ ಕೆಲ್ಸದ ಒಡಿಶಾದೋರೊಬ್ರು ಮಾತಿಗೆ ಸಿಕ್ಕಿದ್ರು. ಶರ್ಟ್ ತೋಳಿನ ತುಂಬಾ ಕಿಡಿ ಬಿದ್ದ ತೂತು, ಮಣಿಕಟ್ಟಲ್ಲಿ ಸುಟ್ಟ ಕಲೆ. ಇಲ್ಲಿ ದುಡಿಯೋರು ಹೆಚ್ಚಿನೋರು ಒಡಿಶಾ, ಬಿಹಾರ, ಯುಪಿ, ಜಾರ್ಖಂಡ್ ಕಡೆಯೋರು, ಎಷ್ಟೋ ಜನ ಇರೋದು ತಗಡು ಹಲಗೆ ಖೋಲಿಗಳಲ್ಲಿ. "ಭಯ್ಯಾ, ಎತ್ತರದ ಭಯ ಹೋಗ್ಬಿಡುತ್ತೆ, ಟ್ಯಾಂಕಲ್ಲಿರೋ ಗ್ಯಾಸಿನ ಭಯ ಹೋಗಲ್ಲ" ಅಂದ್ರು ಹಿಂದೀಲಿ. ಎಣ್ಣೆ ಟ್ಯಾಂಕಲ್ಲಿ ಆವಿ ಉಳಿದಿರೋವಾಗ ಗ್ಯಾಸ್ ಕಟರ್ ಹಚ್ಚಿದ್ರೆ ಸ್ಫೋಟ ಆಗ್ಬಹುದು, ಅದಕ್ಕೇ ಒಳಗೆ ಅಪಾಯದ ಗ್ಯಾಸ್ ಉಳಿದಿಲ್ಲ ಅನ್ನೋ ಗ್ಯಾಸ್ ಫ್ರೀ ಸರ್ಟಿಫಿಕೇಟ್ ಇಲ್ದೆ ಕತ್ತರಿಸೋ ಹಾಗಿಲ್ಲ.

ಮೊದಲಿಗಿಂತ ವಾಸಿ ಅಂತ ಅವ್ರೂ ಒಪ್ಪಿದ್ರು, ಹೆಲ್ಮೆಟ್, ಟ್ರೈನಿಂಗ್ ಎಲ್ಲ ಬಂದಿದೆ, ತುಂಬಾ ಯಾರ್ಡ್‌ಗಳಲ್ಲಿ ಕಾಂಕ್ರೀಟ್ ನೆಲ ಇದೆ, ಹಡಗುಗಳನ್ನ ಸುರಕ್ಷಿತವಾಗಿ ಒಡೆಯೋ ಬಗ್ಗೆ 2009ರಲ್ಲಾದ ಅಂತರರಾಷ್ಟ್ರೀಯ ಹಾಂಗ್‌ಕಾಂಗ್ ಒಪ್ಪಂದ ಅಂತೂ ಇಂತೂ 2025ರ ಜೂನಲ್ಲಿ ಜಾರಿಗೆ ಬಂತು. ಆದ್ರೆ ಹಳೇ ಹಡಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಲ್ಲ, ಅದರ ಧೂಳು ಇವತ್ತು ಒಳಗೆ ಹೋದ್ರೆ ಕಾಯಿಲೆ ಕಾಣೋದು ದಶಕಗಳಾದ್ಮೇಲೆ, ಅಷ್ಟೊತ್ತಿಗೆ ಕೆಲ್ಸ ಬಿಟ್ಟು ಅವ್ರು ತಮ್ಮೂರು ಸೇರಿರ್ತಾರೆ, ಅಲ್ಲಿನ ಡಾಕ್ಟ್ರಿಗೆ ಇವ್ರು ಹಡಗು ಒಡೆದೋರು ಅಂತಾನೂ ಗೊತ್ತಿರಲ್ಲ. ಕಲ್ನಾರು ಮುಟ್ಟಿದ ಪ್ರತಿಯೊಬ್ರ ಹೆಸರೂ ಬರೆದಿಟ್ಟು, ಊರಿಗೆ ಹೋದ್ಮೇಲೂ ಯಾರ್ಡ್‌ನೋರ ಖರ್ಚಲ್ಲೇ ಶ್ವಾಸಕೋಶದ ತಪಾಸಣೆ ಮಾಡಿಸ್ಬೇಕು.